ಸ್ಪೇನ್ ನಗರಗಳು: 11 ರಾತ್ರಿ, ಐದು ಜನ, ರೈಲು ಪ್ರಯಾಣ. ಈ ಮಾರ್ಗ ಸರಿಯಿದೆಯೇ?

ಹಂಪಿಹಾದಿ (ಪ್ರಶ್ನೆ)

ಮೇ ತಿಂಗಳ ಮೊದಲ ಎರಡು ವಾರಗಳಲ್ಲಿ, ಶಾಲೆಗೆ ರಜೆ ಇರುವಾಗಲೇ, ಸ್ಪೇನ್‌ಗೆ ಹೋಗುವ ಯೋಚನೆ. ನಾವಿಬ್ಬರು, 10 ವರ್ಷದ ಮಗಳು, ಅಪ್ಪ (67), ಅಮ್ಮ (63), ಒಟ್ಟು ಐದು ಜನ. ಅಮ್ಮನಿಗೆ ಮಂಡಿನೋವು. ಸಮತಟ್ಟಾದ ದಾರಿಯಲ್ಲಿ ನಿಧಾನವಾಗಿ ನಡೆಯುತ್ತಾರೆ, ಮೆಟ್ಟಿಲು ಹತ್ತುವುದು ಕಷ್ಟ. ಅಪ್ಪ, ಅಮ್ಮ ಪೂರ್ತಿ ಸಸ್ಯಾಹಾರಿಗಳು, ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಈಗ ಹಾಕಿಕೊಂಡಿರುವ ಪಟ್ಟಿ: ಮ್ಯಾಡ್ರಿಡ್ 2 ರಾತ್ರಿ, ಬಾರ್ಸಿಲೋನಾ 3, ವೆಲೆನ್ಸಿಯಾ 1, ಗ್ರನಾಡಾ 1, ಸೆವಿಯಾ 2, ಕೊನೆಗೆ ಲಿಸ್ಬನ್ 2. ಕೊರ್ದೊಬಾ ದಾರಿಯಲ್ಲಿ ಸಿಗುತ್ತದಂತೆ, ಅದನ್ನೂ ಸೇರಿಸಬಹುದೇ?

ಕೇಳಬೇಕಾದದ್ದು ಇಷ್ಟು. ಊರುಗಳು ಹೆಚ್ಚಾದವೇ? ರೈಲು ಪಾಸ್ ತೆಗೆದುಕೊಳ್ಳಬೇಕೇ, ಬಿಡಿ ಟಿಕೆಟ್ ಸಾಕೇ? ಯಾವುದನ್ನು ಮೊದಲು ಬುಕ್ ಮಾಡಬೇಕು? ಊಟಕ್ಕೆ ಏನು ದಾರಿ?

ಗಂಟುಮೂಟೆ

ಊರುಗಳು ಹೆಚ್ಚಾಗಿವೆ. ಮೊದಲು ಲಿಸ್ಬನ್ ತೆಗೆದುಹಾಕಿ. ಮ್ಯಾಡ್ರಿಡ್ ಮತ್ತು ಲಿಸ್ಬನ್ ನಡುವೆ ಇದ್ದ ರಾತ್ರಿ ರೈಲು 2020ರಲ್ಲಿ ನಿಂತುಹೋಯಿತು, ನೇರ ಹೈಸ್ಪೀಡ್ ರೈಲಂತೂ ಇಲ್ಲ. ವಿಮಾನದಲ್ಲೇ ಹೋಗಬೇಕಾಗುತ್ತದೆ, ವಿಮಾನ ಎಂದರೆ ಅರ್ಧ ದಿನ ಹೋಯಿತು. ವೆಲೆನ್ಸಿಯಾ ಒಳ್ಳೆಯ ಊರೇ, ಆದರೆ ಒಂದು ರಾತ್ರಿಗೆ ಹೋಗಿಬಂದರೆ ನಿಲ್ದಾಣ, ಹೋಟೆಲ್, ಮತ್ತೆ ನಿಲ್ದಾಣ, ಅಷ್ಟೇ ನೋಡಿದ ಹಾಗಾಗುತ್ತದೆ. ಹಿರಿಯರಿದ್ದಾಗ ಊರು ಬದಲಿಸುವ ಪ್ರತಿಯೊಂದು ದಿನವನ್ನೂ ಅರ್ಧ ದಿನವೆಂದೇ ಲೆಕ್ಕ ಹಾಕಿ.

ನಾನು ಹೇಳುವ ಮಾರ್ಗ ಇದು: ಬಾರ್ಸಿಲೋನಾ 3 ರಾತ್ರಿ, ಕೊರ್ದೊಬಾ 1, ಸೆವಿಯಾ 2, ಗ್ರನಾಡಾ 2, ಮ್ಯಾಡ್ರಿಡ್ 3. ಬಾರ್ಸಿಲೋನಾದಲ್ಲಿ ಇಳಿದು ಮ್ಯಾಡ್ರಿಡ್‌ನಿಂದ ವಾಪಸ್ ಹಾರಿ. ವಿಮಾನದ ಸೈಟಿನಲ್ಲಿ 'ಮಲ್ಟಿ ಸಿಟಿ' ಎಂದು ಹುಡುಕಿದರೆ ಬೆಲೆ ಹೋಗಿಬರುವ ಟಿಕೆಟ್ಟಿನ ಆಸುಪಾಸಿನಲ್ಲೇ ಸಿಗುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲದ್ದರಿಂದ ಹೇಗಿದ್ದರೂ ನಡುವೆ ಒಂದು ಕಡೆ ಬದಲಿಸಬೇಕು. ಹಾಗಿರುವಾಗ ಇಳಿದ ಊರಿಗೇ ಮರಳಿ ಬರಲು ರೈಲಿನಲ್ಲಿ ಒಂದು ದಿನ ಕಳೆಯುವುದರಲ್ಲಿ ಅರ್ಥವಿಲ್ಲ.

ರೈಲಿನ ಸಮಯ ಅಂದಾಜು ಹೀಗೆ. ಬಾರ್ಸಿಲೋನಾದಿಂದ ಕೊರ್ದೊಬಾಕ್ಕೆ ನೇರ ರೈಲಿನಲ್ಲಿ 5 ಗಂಟೆಗಿಂತ ತುಸು ಕಡಿಮೆ. ಈ ನೇರ ರೈಲುಗಳು ದಿನಕ್ಕೆ ಬೆರಳೆಣಿಕೆಯಷ್ಟೇ, ಅದಕ್ಕೇ ಮೊದಲು ತೆಗೆಯಬೇಕಾದ ರೈಲು ಟಿಕೆಟ್ ಇದೇ. ಕೊರ್ದೊಬಾದಿಂದ ಸೆವಿಯಾ ಮುಕ್ಕಾಲು ಗಂಟೆ, ರೈಲುಗಳು ಬೇಕಾದಷ್ಟಿವೆ. ಸೆವಿಯಾದಿಂದ ಗ್ರನಾಡಾಕ್ಕೆ ರೈಲಾದರೂ ಬಸ್ಸಾದರೂ ಎರಡೂವರೆಯಿಂದ ಮೂರು ಗಂಟೆ. ಗ್ರನಾಡಾದಿಂದ ಮ್ಯಾಡ್ರಿಡ್ ಮೂರೂವರೆ ಗಂಟೆಯ ಒಳಗೆ.

ಪಾಸ್ ಬೇಡ. ಯುರೇಲ್ ಪಾಸ್ ಇದ್ದರೂ ಇಲ್ಲಿನ ಹೈಸ್ಪೀಡ್ ರೈಲುಗಳಲ್ಲಿ ಸೀಟು ಕಾಯ್ದಿರಿಸುವುದು ಕಡ್ಡಾಯ, ಅದಕ್ಕೆ ಬೇರೆ ಹಣ. ನಾಲ್ಕು ಪ್ರಯಾಣಕ್ಕೆ ಅದು ಗಿಟ್ಟುವುದಿಲ್ಲ. ಸರ್ಕಾರಿ ಕಂಪನಿ ರೆನ್ಫೆ ಜೊತೆಗೆ 2021ರಿಂದ ವೀಗೊ, 2022ರ ಕೊನೆಯಿಂದ ಇರ್ಯೊ ಓಡುತ್ತಿವೆ. ಪೈಪೋಟಿ ಇರುವ ಮಾರ್ಗಗಳಲ್ಲಿ ಬೆಲೆ ಇಳಿದಿದೆ. ಮೂರರ ಬೆಲೆಯನ್ನೂ ಹೋಲಿಸಿ ನೋಡಿ. 60 ದಾಟಿದವರಿಗೆ ರೆನ್ಫೆಯಲ್ಲಿ ತಾರ್ಹೆತಾ ದೊರಾದಾ ಎಂಬ ಕಾರ್ಡ್ ಇದೆ, 6 ಯೂರೊ, ಒಂದು ವರ್ಷದ ಅವಧಿ. ಅಪ್ಪ, ಅಮ್ಮನಿಗೆ ತೆಗೆದರೆ ಒಂದೇ ಉದ್ದದ ಪ್ರಯಾಣದಲ್ಲಿ ಅದರ ಹಣ ಹುಟ್ಟುತ್ತದೆ.

ರೆನ್ಫೆಯ ಅತಿ ಅಗ್ಗದ ದರ ಬಾಸಿಕೊ. ಅದರಲ್ಲಿ ಸೀಟನ್ನು ಯಂತ್ರವೇ ಹಂಚುತ್ತದೆ. ಐದು ಜನ ಮೂರು ಬೋಗಿಗೆ ಚದುರಿಹೋಗಬಹುದು. ಬಾರ್ಸಿಲೋನಾ–ಕೊರ್ದೊಬಾ ಪ್ರಯಾಣಕ್ಕಾದರೂ ಸೀಟು ಆಯ್ಕೆಗೆ ಹಣ ಕೊಡಿ. ಟಿಕೆಟ್ ಮೇಲಿನ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ.

ನಮ್ಮ ರೈಲಿನ ಅಭ್ಯಾಸದಲ್ಲಿ ಹೋದವರು ಸಿಕ್ಕಿಬೀಳುವುದು ಒಂದು ಕಡೆ. ಹೈಸ್ಪೀಡ್ ರೈಲಿಗೆ ಹತ್ತುವ ಮುನ್ನ ಸಾಮಾನನ್ನೆಲ್ಲ ಎಕ್ಸ್-ರೇ ಯಂತ್ರಕ್ಕೆ ಹಾಕಬೇಕು, ಆಮೇಲೆ ಟಿಕೆಟ್ ಗೇಟು. ಆ ಗೇಟು ರೈಲು ಹೊರಡುವ ಕೆಲವು ನಿಮಿಷ ಮೊದಲೇ ಮುಚ್ಚುತ್ತದೆ. ರೈಲು ಕಣ್ಣೆದುರೇ ನಿಂತಿದ್ದರೂ ಒಳಗೆ ಬಿಡುವುದಿಲ್ಲ. ಬಾರ್ಸಿಲೋನಾ ಸಾಂತ್ಸ್ ನಿಲ್ದಾಣಕ್ಕೆ 40 ನಿಮಿಷ ಮುಂಚೆ ತಲುಪಿ. ಮ್ಯಾಡ್ರಿಡ್‌ನಲ್ಲಿ ಇನ್ನೊಂದು ಎಚ್ಚರ ಬೇಕು: ಅಲ್ಲಿ ಅತೋಚಾ, ಚಮಾರ್ತಿನ್ ಎಂದು ಎರಡು ದೊಡ್ಡ ನಿಲ್ದಾಣಗಳಿವೆ, ಒಂದು ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ಟಿಕೆಟ್ಟಿನಲ್ಲಿ ಯಾವುದು ಎಂದು ಓದಿಯೇ ಹೊರಡಿ.

ವೀಸಾ ಅರ್ಜಿ ಬೆಂಗಳೂರಿನ ಬಿ.ಎಲ್.ಎಸ್. ಕೇಂದ್ರದಲ್ಲೇ ಕೊಡಬಹುದು. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ. ಶುಲ್ಕ ದೊಡ್ಡವರಿಗೆ 90 ಯೂರೊ, ಮಗಳಿಗೆ 45, ಕೇಂದ್ರದ ಸೇವಾಶುಲ್ಕ ಬೇರೆ. ವಿಮೆ ಕನಿಷ್ಠ 30,000 ಯೂರೊ ಮೊತ್ತದ್ದಿರಬೇಕು. ವೀಸಾ ಕೈಗೆ ಬರುವವರೆಗೆ ಹೋಟೆಲ್‌ಗಳನ್ನು ಉಚಿತವಾಗಿ ರದ್ದು ಮಾಡಬಹುದಾದ ದರದಲ್ಲೇ ಇಟ್ಟುಕೊಳ್ಳಿ.

ನೀಲಿಹಂಚು

ಮೇಲಿನ ಮಾರ್ಗ ಒಪ್ಪಿದೆ, ಆದರೆ ಬುಕಿಂಗ್ ಕ್ರಮದಲ್ಲಿ ಒಂದು ಮಾತು. ಊರುಗಳ ಪಟ್ಟಿ ಮಾಡಿ, ರೈಲು ತೆಗೆದು, ಆಮೇಲೆ ಗ್ರನಾಡಾದ ಕೋಟೆ-ಅರಮನೆ ಅಲ್ಹಂಬ್ರಾದ ಟಿಕೆಟ್ ನೋಡುವುದು ಎಲ್ಲರೂ ಮಾಡುವ ಕೆಲಸ. ಅದನ್ನು ತಲೆಕೆಳಗು ಮಾಡಿ. ಅಲ್ಹಂಬ್ರಾದ ನಸ್ರಿದ್ ಅರಮನೆಗಳಿಗೆ ಅರ್ಧರ್ಧ ಗಂಟೆಗೆ ಇಷ್ಟೇ ಜನ ಎಂಬ ಮಿತಿ ಇದೆ. ಮೇ ತಿಂಗಳಿನಲ್ಲಿ ಅದು ವಾರಗಟ್ಟಲೆ ಮುಂಚೆ ಖಾಲಿಯಾಗುತ್ತದೆ. ಇಡೀ ಪ್ರವಾಸದಲ್ಲಿ ಬಗ್ಗದ ಸಂಗತಿ ಇದೊಂದೇ. ಇದರ ದಿನ, ಗಂಟೆ ಸಿಕ್ಕ ಮೇಲೆ ಉಳಿದ ರಾತ್ರಿಗಳನ್ನು ಅದರ ಸುತ್ತ ಜೋಡಿಸಿ. ವೀಸಾ ಬರುವ ಮುಂಚೆಯೇ ಕೊಳ್ಳಬೇಕಾದ ಟಿಕೆಟ್ ಕೂಡ ಇದೊಂದೇ. ತಲೆಗೆ 20 ಯೂರೊ ಆಸುಪಾಸು. ಅಷ್ಟು ಅಪಾಯ ಹೊರಬಹುದು.

ಅಧಿಕೃತ ಸೈಟಿನಲ್ಲಿ 'ಅಲ್ಹಂಬ್ರಾ ಜನರಲ್' ಆರಿಸಿ. 'ಉದ್ಯಾನಗಳು' ಎಂಬ ಅಗ್ಗದ ಟಿಕೆಟ್‌ನಲ್ಲಿ ನಸ್ರಿದ್ ಅರಮನೆಗಳು ಸೇರಿಲ್ಲ, ಗೊತ್ತಿಲ್ಲದೆ ಕೊಂಡು ಬಾಗಿಲಲ್ಲಿ ನಿಲ್ಲುವವರು ಬಹಳ. 12ರ ಒಳಗಿನ ಮಕ್ಕಳಿಗೆ ಉಚಿತ, ಆದರೂ ಅವರ ಹೆಸರಿನ ಟಿಕೆಟ್ ಬೇಕು, ಅದನ್ನೂ ಅದೇ ಬುಕಿಂಗ್‌ನಲ್ಲಿ ತೆಗೆಯಿರಿ. ಹಿರಿಯರ ರಿಯಾಯಿತಿ ಯುರೋಪಿಯನ್ ಒಕ್ಕೂಟದವರಿಗೆ ಮಾತ್ರ. ಅಪ್ಪನಿಗೆ 67 ಎಂದು ಆ ಟಿಕೆಟ್ ಕೊಂಡರೆ ಪ್ರವೇಶದಲ್ಲಿ ತೊಂದರೆ. ಟಿಕೆಟ್ ಹೆಸರಿನ ಮೇಲೆ ಇರುತ್ತದೆ, ಐದೂ ಜನರ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಲಿ. ಒಳಗೆ ಒಂದಕ್ಕಿಂತ ಹೆಚ್ಚು ಕಡೆ ಕೇಳುತ್ತಾರೆ.

ಟಿಕೆಟ್ ಮೇಲಿನ ಗಂಟೆ ನಸ್ರಿದ್ ಅರಮನೆಗಳ ಬಾಗಿಲಿನದು, ಕೋಟೆಯ ಹೆಬ್ಬಾಗಿಲಿನದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ಟಿಕೆಟ್ ಕಚೇರಿ ಇರುವ ಕಡೆಯಿಂದ, ಅಂದರೆ ಹೆನೆರಲಿಫೆ ತೋಟದ ಬದಿಯಿಂದ ಒಳಬಂದರೆ ಅರಮನೆಗೆ ಕಾಲು ಗಂಟೆಗೂ ಮೀರಿದ ನಡಿಗೆ. ಅಮ್ಮನಿಗೆ 25 ನಿಮಿಷ ಹಿಡಿಯಿರಿ. ಟಿಕೆಟ್ ಮೊಬೈಲಿನಲ್ಲೇ ಇರುವಾಗ ಆ ಕಡೆ ಹೋಗುವ ಅಗತ್ಯವೇ ಇಲ್ಲ. ಊರೊಳಗಿನ ಇಸಾಬೆಲ್ ಲಾ ಕತೋಲಿಕಾ ಚೌಕದಿಂದ ಸಿ30 ಮಿನಿಬಸ್ ಹತ್ತಿ, 'ನ್ಯಾಯದ ಬಾಗಿಲು' ಎಂಬ ಪುಯೆರ್ತಾ ದೆ ಲಾ ಹುಸ್ತೀಸಿಯಾ ನಿಲ್ದಾಣದಲ್ಲಿ ಇಳಿಯಿರಿ. ಅಲ್ಲಿಂದ ಸಣ್ಣ ಏರು, ಐದು ನಿಮಿಷದಲ್ಲಿ ಅರಮನೆಯ ಸಾಲು ಕಾಣುತ್ತದೆ. ನುಯೆವಾ ಚೌಕದಿಂದ ಗೊಮೆರೆಸ್ ಬೀದಿ ಹಿಡಿದು ನಡೆದು ಹತ್ತುವುದು ಚೆಂದವೇ, ಆದರೆ ಕಡಿದಾದ ದಾರಿ, ಮಂಡಿಗೆ ಬೇಡ. ನಿಮ್ಮ ಸಮಯಕ್ಕೆ 20 ನಿಮಿಷ ಮುಂಚೆ ಸಾಲಿನಲ್ಲಿರಿ. ಸಮಯ ತಪ್ಪಿದರೆ ಬೇರೆ ಸಮಯ ಕೊಡುವುದಿಲ್ಲ.

ಒಳಗೆ ಹೋದ ಮೇಲೆ ಯಾರೂ ಓಡಿಸುವುದಿಲ್ಲ, ಆದರೆ ದಾರಿ ಒಂದೇ ಮುಖದ್ದು, ಹಿಂದೆ ಬರುವಂತಿಲ್ಲ. ಆದ್ದರಿಂದ ನಿಲ್ಲಬೇಕಾದಲ್ಲಿ ನಿಂತುಬಿಡಿ. ಮಿರ್ಟಲ್ ಗಿಡಗಳ ಅಂಗಳದ ಉದ್ದನೆಯ ಕೊಳದಲ್ಲಿ ನೀರು ಬೀಳುವ ಜಾಗ ನೋಡಿ. ಎರಡೂ ತುದಿಯಲ್ಲಿ ನೆಲಮಟ್ಟದ ದುಂಡನೆಯ ಅಮೃತಶಿಲೆಯ ಬಟ್ಟಲು, ಅದರಿಂದ ಕಿರಿದಾದ ಕಾಲುವೆ. ಚಿಮ್ಮುವ ನೀರಿನ ವೇಗ ಬಟ್ಟಲಲ್ಲೇ ತಗ್ಗಿ, ಕೊಳಕ್ಕೆ ಜಾರಿ ಸೇರುತ್ತದೆ. ಹಾಗಾಗಿ ಮೇಲ್ಮೈ ಕದಡುವುದಿಲ್ಲ, ಗೋಪುರದ ಪ್ರತಿಬಿಂಬ ಒಡೆಯುವುದಿಲ್ಲ. ಆ ಗೋಪುರದೊಳಗಿನ ರಾಯಭಾರಿಗಳ ಸಭಾಂಗಣದ ಚಾವಣಿಯಲ್ಲಿ 8,000ಕ್ಕೂ ಹೆಚ್ಚು ಮರದ ತುಂಡುಗಳಿವೆ, ಏಳು ಸ್ವರ್ಗಗಳ ಚಿತ್ರಣ ಎಂದು ಹೇಳುತ್ತಾರೆ. ಕತ್ತು ನೋಯುವಷ್ಟು ಹೊತ್ತು ನೋಡಬೇಕಾದ್ದು.

ತೋಟದ ಮೇಲ್ಭಾಗದಲ್ಲಿ 'ನೀರಿನ ಮೆಟ್ಟಿಲು' ಇದೆ, ಅದರ ಪಕ್ಕದ ಕೈಯಾಸರೆ ಗೋಡೆಯಲ್ಲೇ ಕಾಲುವೆ ಕೊರೆದು ನೀರು ಹರಿಸಿದ್ದಾರೆ. ಮಗಳನ್ನು ತಪ್ಪದೆ ಕರೆದುಕೊಂಡು ಹೋಗಿ. ಅಮ್ಮ ಕೆಳಗಿನ ಕಾಲುವೆ ಅಂಗಳದಲ್ಲೇ ಕುಳಿತುಕೊಳ್ಳಬಹುದು. ಅಲ್ಕಸಾಬಾ ಕೋಟೆಯ ಬುರುಜೂ ಅವರಿಗೆ ಬೇಡ, ಪೂರ್ತಿ ಮೆಟ್ಟಿಲು.

ಕೊರ್ದೊಬಾದಲ್ಲಿ ಒಂದು ರಾತ್ರಿ ಉಳಿಯಿರಿ ಎಂದದ್ದು ಬಹಳ ಸರಿ. ಅಲ್ಲಿನ ಮೆಸ್ಕಿತಾ ಮಸೀದಿಗೆ, ಈಗ ಅದು ಕ್ಯಾಥೆಡ್ರಲ್, ಸೋಮವಾರದಿಂದ ಶನಿವಾರ ಬೆಳಿಗ್ಗೆ 8:30ರಿಂದ 9:30ರವರೆಗೆ ಉಚಿತ ಪ್ರವೇಶ. ಉಚಿತ ಎನ್ನುವುದಕ್ಕಿಂತ ಆ ಹೊತ್ತಿನಲ್ಲಿ ಪ್ರವಾಸಿ ಗುಂಪುಗಳನ್ನು ಬಿಡುವುದಿಲ್ಲ ಎನ್ನುವುದೇ ದೊಡ್ಡ ಲಾಭ. ಮ್ಯಾಡ್ರಿಡ್‌ನಿಂದಲೋ ಸೆವಿಯಾದಿಂದಲೋ ಹಗಲು ಬಂದು ಹೋಗುವವರಿಗೆ ಇದು ಸಿಗುವುದು ಕಷ್ಟ. ನೆಲ ಸಮತಟ್ಟು, ಅಮ್ಮನಿಗೆ ಇಡೀ ಪ್ರವಾಸದಲ್ಲೇ ಅತಿ ಸುಲಭದ ಜಾಗ.

856 ಕಂಬಗಳು ಉಳಿದಿವೆ. ಮೊದಲು ಕಟ್ಟಿದ ಭಾಗದವು ಹಳೆಯ ರೋಮನ್, ವಿಸಿಗೋಥ್ ಕಟ್ಟಡಗಳಿಂದ ತಂದು ನಿಲ್ಲಿಸಿದ ಕಂಬಗಳಾದ್ದರಿಂದ ಎತ್ತರ ಸಾಲದೆ, ಕಮಾನಿನ ಮೇಲೆ ಕಮಾನು ಕಟ್ಟಿ ಚಾವಣಿಯನ್ನು ಏರಿಸಿದ್ದಾರೆ. 785ರ ಸುಮಾರಿಗೆ ಶುರುವಾದ ಹಳೆಯ ಭಾಗದಲ್ಲಿ ಕಮಾನಿನ ಕೆಂಪು ಪಟ್ಟಿ ನಿಜವಾದ ಇಟ್ಟಿಗೆ, ಬಿಳಿ ಪಟ್ಟಿ ಕಲ್ಲು. ಹತ್ತನೆಯ ಶತಮಾನದ ಕೊನೆಯಲ್ಲಿ ಅಲ್‌ಮನ್ಸೂರ್ ಎಂಬ ಆಡಳಿತಗಾರ ವಿಸ್ತರಿಸಿದ ಪೂರ್ವದ ಭಾಗಕ್ಕೆ ಬನ್ನಿ, ಅಲ್ಲಿ ಪೂರ್ತಿ ಕಲ್ಲು, ಕೆಂಪು ಬರೀ ಬಣ್ಣ. ಹತ್ತಿರ ಹೋಗಿ ನೋಡಿದರೆ ಇಟ್ಟಿಗೆಯ ಸಂದುಗಳಿಲ್ಲದ್ದು ಕಾಣುತ್ತದೆ. ಮಗಳಿಗೆ ಇದನ್ನೇ ಹುಡುಕಲು ಹೇಳಿ.

ಒಂದು ತೊಡಕು: ಮೇ ಮೊದಲ ಎರಡು ವಾರ ಕೊರ್ದೊಬಾದಲ್ಲಿ ಮನೆಯಂಗಳಗಳ ಹಬ್ಬ ನಡೆಯುವ ಕಾಲ. ಹೂಕುಂಡಗಳಿಂದ ತುಂಬಿದ ಖಾಸಗಿ ಅಂಗಳಗಳನ್ನು ಎಲ್ಲರಿಗೂ ತೆರೆಯುತ್ತಾರೆ. ನಿಮ್ಮ ಅದೃಷ್ಟ, ಆದರೆ ಕೋಣೆಯ ಬೆಲೆ ಏರುತ್ತದೆ. ಅಲ್ಹಂಬ್ರಾ ನಂತರ ಮಾಡಬೇಕಾದ ಎರಡನೇ ಬುಕಿಂಗ್ ಕೊರ್ದೊಬಾದ ಹೋಟೆಲ್.

ಒಗ್ಗರಣೆ

ಊಟದ ಬಗ್ಗೆ ನಾನು ಹೇಳುತ್ತೇನೆ. ಸ್ಪೇನ್‌ನಲ್ಲಿ 'ಸಸ್ಯಾಹಾರಿ' ಎಂದಷ್ಟೇ ಹೇಳಿದರೆ ಸಾಲದು. ಹ್ಯಾಮ್ ಅನ್ನು ಮೇಲೆ ಉದುರಿಸುವ ಅಲಂಕಾರವೆಂದೂ ಟ್ಯೂನಾ ಮೀನನ್ನು ಸಲಾಡಿನ ಭಾಗವೆಂದೂ ನೋಡುವವರು ಬಹಳ. ಬಿಡಿಸಿ ಹೇಳಬೇಕು: 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಅತೂನ್, ಸಿನ್ ಉಯೆವೊ', ಅಂದರೆ ಮಾಂಸ, ಮೀನು, ಹ್ಯಾಮ್, ಟ್ಯೂನಾ, ಮೊಟ್ಟೆ ಯಾವುದೂ ಬೇಡ. ಚೀಟಿಯಲ್ಲಿ ಬರೆದು ತೋರಿಸುವುದು ಇನ್ನೂ ಒಳ್ಳೆಯದು.

ಅಪ್ಪ, ಅಮ್ಮನಿಗೆ ನೆಚ್ಚಬಹುದಾದವು: ಗಸ್ಪಾಚೊ, ತಣ್ಣನೆಯ ಟೊಮೆಟೊ ಸಾರು. ಪಾನ್ ಕೊನ್ ತೊಮಾತೆ, ಸುಟ್ಟ ಬ್ರೆಡ್ಡಿಗೆ ಟೊಮೆಟೊ, ಆಲಿವ್ ಎಣ್ಣೆ ಉಜ್ಜಿದ್ದು. ಪಿಮಿಯೆಂತೋಸ್ ದೆ ಪದ್ರೋನ್, ಉಪ್ಪು ಹಾಕಿ ಹುರಿದ ಸಣ್ಣ ಹಸಿಮೆಣಸಿನಕಾಯಿ, ಹತ್ತರಲ್ಲಿ ಒಂದೋ ಎರಡೋ ಖಾರ. ಕೊರ್ದೊಬಾದಲ್ಲಿ ಬೆರೆನ್‌ಹೆನಾಸ್ ಕೊನ್ ಮಿಯೆಲ್, ಅಂದರೆ ಕರಿದ ಬದನೆಕಾಯಿಯ ಮೇಲೆ ಕಬ್ಬಿನ ಪಾಕ. ಹಿಟ್ಟಿನಲ್ಲಿ ಮೊಟ್ಟೆ ಇಲ್ಲವೆಂದು ಕೇಳಿಕೊಳ್ಳಿ. ಸೆವಿಯಾದಲ್ಲಿ ಎಸ್ಪಿನಾಕಾಸ್ ಕೊನ್ ಗರ್ಬಾನ್ಸೋಸ್, ಪಾಲಕ್ ಮತ್ತು ಕಾಬೂಲಿ ಕಡಲೆ, ಜೀರಿಗೆ ಹಾಕಿರುತ್ತಾರೆ, ನಮ್ಮ ಬಾಯಿಗೆ ಒಗ್ಗುತ್ತದೆ. ಬಾರ್ಸಿಲೋನಾದಲ್ಲಿ ಎಸ್ಕಲಿವಾದಾ, ಸುಟ್ಟ ಬದನೆ ಮತ್ತು ದಪ್ಪಮೆಣಸಿನಕಾಯಿ. ಅದರ ಮೇಲೆ ಕೆಲವೆಡೆ ಆಂಚೊವಿ ಮೀನು ಇಡುತ್ತಾರೆ.

ಎಚ್ಚರ ವಹಿಸಬೇಕಾದವು: ಸಲ್ಮೊರೆಹೊ ಒಳಗಿರುವುದು ಟೊಮೆಟೊ, ಬ್ರೆಡ್, ಬೆಳ್ಳುಳ್ಳಿ, ಎಣ್ಣೆ ಮಾತ್ರ, ಆದರೆ ಮೇಲೆ ಹ್ಯಾಮ್ ಮತ್ತು ಮೊಟ್ಟೆ ಉದುರಿಸಿಯೇ ತರುತ್ತಾರೆ. ಆರ್ಡರ್ ಮಾಡುವಾಗಲೇ ಹೇಳಿ. ಕ್ರೊಕೆತಾ ಎಂದರೆ ಸಾಮಾನ್ಯವಾಗಿ ಹ್ಯಾಮ್. ಲೆಂತೆಹಾಸ್ ನೋಡಲು ನಮ್ಮ ಬೇಳೆಯೇ, ಆದರೆ ಚೊರಿಸೊ ಸಾಸೇಜ್ ಹಾಕಿ ಬೇಯಿಸುವುದು ರೂಢಿ. ತರಕಾರಿ ಪಾಯೆಯಾದಲ್ಲೂ ಅನ್ನ ಬೆಂದ ಸಾರು ಕೋಳಿಯದೋ ಮೀನಿನದೋ ಆಗಿರಬಹುದು. ಬೇಕರಿಯ ಹಲವು ತಿಂಡಿಗಳಿಗೆ ಮಾಂತೆಕಾ, ಅಂದರೆ ಹಂದಿಕೊಬ್ಬು ಬಳಸುತ್ತಾರೆ. ಚುರ್ರೊ ಹಿಟ್ಟು ಸಾಂಪ್ರದಾಯಿಕವಾಗಿ ಗೋಧಿಹಿಟ್ಟು, ನೀರು, ಉಪ್ಪು ಅಷ್ಟೇ, ಬೆಳಗಿನ ತಿಂಡಿಗೆ ಮಗಳಿಗೂ ಹಿರಿಯರಿಗೂ ಆಗುತ್ತದೆ. ಆದರೂ ಅಂಗಡಿಯಲ್ಲಿ ಒಮ್ಮೆ ಕೇಳಿ.

ವಾರದ ದಿನಗಳಲ್ಲಿ ಮಧ್ಯಾಹ್ನ 'ಮೆನು ದೆಲ್ ದಿಯಾ' ಸಿಗುತ್ತದೆ: ಮೊದಲ ಬಗೆ, ಎರಡನೆಯ ಬಗೆ, ಸಿಹಿ, ಬ್ರೆಡ್, ಪಾನೀಯ ಸೇರಿ ಒಂದೇ ಬೆಲೆ. ಎರಡನೆಯ ಬಗೆ ಹೆಚ್ಚೂಕಡಿಮೆ ಮಾಂಸ ಅಥವಾ ಮೀನೇ. ಆದ್ದರಿಂದ 'ದೋಸ್ ಪ್ರಿಮೇರೋಸ್' ಎಂದು ಕೇಳಿ, ಮೊದಲ ಬಗೆಯಲ್ಲೇ ಎರಡು ಕೊಡುತ್ತಾರೆ.

ರುಚಿಗಿಂತ ದೊಡ್ಡ ತೊಂದರೆ ಗಡಿಯಾರ. ಮಧ್ಯಾಹ್ನದ ಊಟ 1:30ರಿಂದ 4, ರಾತ್ರಿಯದು 8:30ರ ನಂತರ. ನಡುವೆ ಅಡುಗೆಮನೆ ಮುಚ್ಚಿರುತ್ತದೆ. ಏಳೂವರೆಗೆ ಊಟ ಮಾಡುವ ಹಿರಿಯರಿಗೆ ಆ ಹೊತ್ತಿನಲ್ಲಿ ಸಿಗುವುದು ಕಾಫಿ, ಚಿಪ್ಸ್, ಪ್ರವಾಸಿಗರಿಗೆಂದೇ ನಡೆಸುವ ದುಬಾರಿ ಹೋಟೆಲ್‌ಗಳು. ಅದಕ್ಕೇ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಹಿಡಿಯಿರಿ. ಐದು ಜನಕ್ಕೆ ಎರಡು ಹೋಟೆಲ್ ಕೋಣೆಗಿಂತ ಅಗ್ಗವೂ ಆಗಬಹುದು. ಮಧ್ಯಾಹ್ನ ಹೊರಗೆ ಚೆನ್ನಾಗಿ ಉಂಡು, ರಾತ್ರಿ ಮನೆಯಲ್ಲಿ ಅನ್ನ–ಮೊಸರು ಮಾಡಿಕೊಳ್ಳಿ. ಸೂಪರ್‌ಮಾರ್ಕೆಟ್‌ನಲ್ಲಿ 'ಯೊಗುರ್ ನಾತುರಾಲ್' ಎಂದು ಬರೆದ ಮೊಸರು, ಅಕ್ಕಿ, ಪೊಟ್ಟಣದ ಗಸ್ಪಾಚೊ ಎಲ್ಲ ಸಿಗುತ್ತವೆ. ಭಾನುವಾರ ಬಹಳಷ್ಟು ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತಂದಿಡಿ. ಮೇ 1 ಇಡೀ ದೇಶಕ್ಕೆ ರಜೆ.

ಊರಿಂದ ಒಯ್ಯುವ ಸಾಮಾನಿನಲ್ಲಿ ಹಾಲಿನ ಪದಾರ್ಥ ಇರಬಾರದು. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನ ಹಾಲು, ಮಾಂಸದ ಪದಾರ್ಥಗಳಿಗೆ ನಿಷೇಧವಿದೆ. ತುಪ್ಪ, ಧಾರವಾಡ ಪೇಡೆ, ಕುಂದಾ ಎಲ್ಲ ಮನೆಯಲ್ಲೇ ಬಿಡಿ. ಮಾವಿನಹಣ್ಣು, ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಒಯ್ಯಬೇಡಿ. ಚಟ್ನಿಪುಡಿ, ಅವಲಕ್ಕಿ, ಒಣ ಸಾರಿನಪುಡಿಗೆ ತೊಂದರೆಯಿಲ್ಲ. ವಿದ್ಯುತ್ 230 ವೋಲ್ಟ್, ನಮ್ಮ ಸಣ್ಣ ರೈಸ್ ಕುಕ್ಕರ್ ನಡೆಯುತ್ತದೆ, ದುಂಡನೆಯ ಎರಡು ಪಿನ್ನಿನ ಅಡಾಪ್ಟರ್ ಮಾತ್ರ ಬೇಕು.

ಹಂಪಿಹಾದಿ

ಎಲ್ಲರಿಗೂ ಧನ್ಯವಾದ. ಮಾರ್ಗ ಬದಲಿಸಿದ್ದೇವೆ. ಆದರೆ ನಮಗೆ ಬೇಕಾದ ಎರಡು ದಿನವೂ ಅಲ್ಹಂಬ್ರಾ ಜನರಲ್ ಟಿಕೆಟ್ ಖಾಲಿ ತೋರಿಸುತ್ತಿದೆ. ಐದು ಟಿಕೆಟ್ ಒಟ್ಟಿಗೆ ಸಿಗಲು ಬೇರೆ ದಾರಿ ಇದೆಯೇ? ಇನ್ನೊಂದು, ಮ್ಯಾಡ್ರಿಡ್‌ನಿಂದ ಒಂದು ದಿನಕ್ಕೆ ತೊಲೆದೊ ಒಳ್ಳೆಯದೋ ಸೆಗೋವಿಯಾ ಒಳ್ಳೆಯದೋ?

ನೀಲಿಹಂಚು

ಈ ಕ್ರಮದಲ್ಲಿ ಪ್ರಯತ್ನಿಸಿ. ಮೊದಲು, ಐದು ಒಟ್ಟಿಗೆ ಹುಡುಕಬೇಡಿ. ಮೂರು ಮತ್ತು ಎರಡು ಎಂದು ಒಡೆದು, ಅರ್ಧ ಗಂಟೆ ಆಚೀಚೆಯ ಎರಡು ಸಮಯಗಳಲ್ಲಿ ನೋಡಿ. ಮಗಳ ಉಚಿತ ಟಿಕೆಟ್ ದೊಡ್ಡವರ ಜೊತೆಗೇ ಇರಲಿ.

ಸಿಗದಿದ್ದರೆ ಗ್ರನಾಡಾ ಕಾರ್ಡ್ ನೋಡಿ. ಅಲ್ಹಂಬ್ರಾ, ಕ್ಯಾಥೆಡ್ರಲ್, ಸಿಟಿ ಬಸ್ಸಿನ ಕೆಲವು ಪ್ರಯಾಣ ಸೇರಿದ ಕಾರ್ಡ್ ಇದು, ಬೆಲೆ ಜಾಸ್ತಿ, ಆದರೆ ಅದಕ್ಕೆ ಬೇರೆ ಪಾಲು ಮೀಸಲಿದೆ. ಅಲ್ಹಂಬ್ರಾ ಜೊತೆ ಊರಿನ ಹಳೇ ಬಡಾವಣೆ ಅಲ್ಬೈಸಿನ್‌ನ ಸ್ಮಾರಕಗಳನ್ನೂ ಸೇರಿಸಿದ 'ದೊಬ್ಲಾ ದೆ ಓರೊ' ಎಂಬ ಟಿಕೆಟ್ಟೂ ಇದೆ, ಅದೂ ಪ್ರತ್ಯೇಕ. ಅದೂ ಇಲ್ಲವೆಂದರೆ ನಸ್ರಿದ್ ಅರಮನೆಗಳ ರಾತ್ರಿ ಪ್ರವೇಶ: ಬೇಸಿಗೆಯ ವೇಳಾಪಟ್ಟಿಯಲ್ಲಿ ಮಂಗಳವಾರದಿಂದ ಶನಿವಾರ ರಾತ್ರಿ 10ರಿಂದ 11:30. ಅದರಲ್ಲಿ ತೋಟಗಳಿಲ್ಲ. ಹಗಲಿಗೆ ಉದ್ಯಾನದ ಟಿಕೆಟ್, ರಾತ್ರಿಗೆ ಅರಮನೆ ಎಂದು ಎರಡನ್ನು ಜೋಡಿಸಿದರೆ ಹೆಚ್ಚೂಕಡಿಮೆ ಪೂರ್ತಿಯಾಗುತ್ತದೆ. ಹಿರಿಯರಿಗೆ ಹಗಲೇ ಮೇಲು, ರಾತ್ರಿ ಬೆಳಕು ಮಂದ, ಚಾವಣಿಯ ಕೆತ್ತನೆ ಪೂರ್ತಿ ಕಾಣುವುದಿಲ್ಲ.

ರದ್ದಾದ ಟಿಕೆಟ್ ಬಿಡಿಬಿಡಿಯಾಗಿ ವಾಪಸ್ ಬರುತ್ತಿರುತ್ತವೆ, ದಿನಕ್ಕೆರಡು ಸಲ ಸೈಟ್ ತೆರೆದು ನೋಡಿ. ಅಷ್ಟರಲ್ಲಿ ಇನ್ನೊಂದು ಕೆಲಸ: ನಿಮ್ಮ ಕೊರ್ದೊಬಾ, ಸೆವಿಯಾ, ಗ್ರನಾಡಾದ ಐದು ರಾತ್ರಿಗಳಲ್ಲಿ ಗ್ರನಾಡಾವನ್ನು ಮೊದಲಿಗೆ ತಂದರೆ ದಿನಾಂಕ ಮೂರು ದಿನ ಹಿಂದಕ್ಕೆ ಸರಿಯುತ್ತದೆ. ಬಾರ್ಸಿಲೋನಾದಿಂದ ಗ್ರನಾಡಾಕ್ಕೆ ವಿಮಾನ ಒಂದೂವರೆ ಗಂಟೆ. ಆಮೇಲೆ ಸೆವಿಯಾ, ಕೊರ್ದೊಬಾ, ಮ್ಯಾಡ್ರಿಡ್. ಮಾರ್ಗ ಆಗಲೂ ನೇರವೇ. ರೈಲು ಟಿಕೆಟ್ ಇನ್ನೂ ಕೊಂಡಿಲ್ಲವೆಂದರೆ ಇದೇ ಸುಲಭ.

ಗಂಟುಮೂಟೆ

ತೊಲೆದೊ–ಸೆಗೋವಿಯಾ ಪ್ರಶ್ನೆಗೆ: ನೋಡಲು ಇರುವುದು ತೊಲೆದೊದಲ್ಲಿ ಹೆಚ್ಚು. ಸಾಂತೊ ತೊಮೆ ಚರ್ಚಿನಲ್ಲಿ ಎಲ್ ಗ್ರೆಕೊನ ದೊಡ್ಡ ಚಿತ್ರ 'ಒರ್ಗಾಸ್ ಪ್ರಭುವಿನ ಅಂತ್ಯಸಂಸ್ಕಾರ', ಹಳೆಯ ಯಹೂದಿ ಪ್ರಾರ್ಥನಾ ಮಂದಿರಗಳು, ಕ್ಯಾಥೆಡ್ರಲ್. ಅತೋಚಾದಿಂದ ರೈಲು ಬರೀ ಅರ್ಧ ಗಂಟೆ. ಆದರೆ ಊರು ಗುಡ್ಡದ ಮೇಲಿದೆ, ಬೀದಿಗಳೆಲ್ಲ ಉರುಟುಕಲ್ಲು, ಒಂದೋ ಏರು ಇಲ್ಲವೇ ಇಳಿಜಾರು. ಗುಡ್ಡ ಹತ್ತಲು ಎಸ್ಕಲೇಟರ್ ಇದೆ, ಅದು ಮೇಲಿನವರೆಗೆ ಮುಟ್ಟಿಸುತ್ತದೆ, ಒಳಗಿನ ಬೀದಿಗೆ ಏನೂ ಮಾಡುವುದಿಲ್ಲ.

ಅಮ್ಮನ ಮಂಡಿ ಲೆಕ್ಕಕ್ಕೆ ಹಿಡಿದರೆ ಸೆಗೋವಿಯಾ ಎನ್ನುತ್ತೇನೆ. ಚಮಾರ್ತಿನ್‌ನಿಂದ ಹೈಸ್ಪೀಡ್ ರೈಲಿನಲ್ಲಿ ಅರ್ಧ ಗಂಟೆಯೊಳಗೆ ಸೆಗೋವಿಯಾ–ಗಿಯೊಮಾರ್. ಆ ನಿಲ್ದಾಣ ಊರಿಂದ 5 ಕಿ.ಮೀ. ಆಚೆ ಬಯಲಲ್ಲಿದೆ, ಇಳಿದ ತಕ್ಷಣ 11ನೇ ನಂಬರಿನ ಬಸ್ ಹಿಡಿಯಿರಿ, ನೇರ ರೋಮನ್ ಮೇಲ್ಗಾಲುವೆಯ ಬುಡಕ್ಕೆ ಬಿಡುತ್ತದೆ. 28 ಮೀಟರ್ ಎತ್ತರದ ಗ್ರಾನೈಟ್ ಕಮಾನುಗಳು, ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ, ಭಾರದಿಂದಲೇ ನಿಂತಿವೆ. ಅಲ್ಲೇ ಚೌಕದಲ್ಲಿ ಕುಳಿತು ನೋಡಿದರೂ ಬಂದದ್ದು ಸಾರ್ಥಕ. ಅಲ್ಲಿಂದ ಕ್ಯಾಥೆಡ್ರಲ್‌ವರೆಗೆ ಒಂದೇ ಬೀದಿ, ಮೆಲ್ಲನೆಯ ಏರು. ಎರಡೂ ಊರಿಗೆ ವಾಪಸ್ ಟಿಕೆಟ್ ಸಮೇತ ಮೊದಲೇ ತೆಗೆಯಿರಿ, ವಾರಾಂತ್ಯದ ಸಂಜೆಯ ರೈಲುಗಳು ತುಂಬಿಬಿಡುತ್ತವೆ.

ಬಿಸಿಲುಕುದುರೆ

ಯಾರೂ ಹೇಳದ ಒಂದು ವಿಷಯ: ಸ್ಪೇನ್‌ನ ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರಿಗೆ ಮಾತ್ರ ಜಾಗ. ಮಗು ಚಿಕ್ಕದೆಂದು ತೊಡೆಯ ಮೇಲೆ ಕೂರಿಸಿಕೊಳ್ಳಲು ಬಿಡುವುದಿಲ್ಲ. ಐದು ಜನಕ್ಕೆ ಪ್ರತಿ ಸಲವೂ ದೊಡ್ಡ ಗಾಡಿ ಬೇಕು. ಟ್ಯಾಕ್ಸಿ ಆ್ಯಪ್‌ನಲ್ಲಿ ಐದಕ್ಕಿಂತ ಹೆಚ್ಚು ಸೀಟು ಎಂದು ಆರಿಸಿ ಕರೆಸಿ, ಇಲ್ಲವೇ ಎರಡು ಟ್ಯಾಕ್ಸಿ ಎಂದು ಲೆಕ್ಕ ಹಾಕಿ. ಹಳೇ ಊರಿನ ಓಣಿಗಳೊಳಗೆ, ಮುಖ್ಯವಾಗಿ ಸೆವಿಯಾದ ಸಾಂತಾ ಕ್ರೂಸ್ ಮತ್ತು ಗ್ರನಾಡಾದ ಅಲ್ಬೈಸಿನ್‌ನಲ್ಲಿ, ಟ್ಯಾಕ್ಸಿಯೇ ಬರುವುದಿಲ್ಲ. ಮನೆ ಹಿಡಿಯುವಾಗ ಟ್ಯಾಕ್ಸಿ ಎಲ್ಲಿಯವರೆಗೆ ಬರುತ್ತದೆ, ಲಿಫ್ಟ್ ಇದೆಯೇ, ಈ ಎರಡನ್ನೂ ಕೇಳಿ. ಅಲ್ಬೈಸಿನ್ ಗುಡ್ಡದಲ್ಲಂತೂ ಉಳಿಯಲೇಬೇಡಿ, ಸಂಜೆ ಮಿನಿಬಸ್ಸಿನಲ್ಲಿ ಹೋಗಿಬನ್ನಿ.

ಬಾರ್ಸಿಲೋನಾ ಮೆಟ್ರೊದಲ್ಲಿ ಹತ್ತು ಪ್ರಯಾಣದ 'ತಿ ಕಾಸುಅಲ್' ಕಾರ್ಡನ್ನು ಎಲ್ಲರೂ ಹೇಳುತ್ತಾರೆ, ಆದರೆ ಅದು ಒಬ್ಬರಿಗೆ ಮಾತ್ರ. ನಿಮಗೆ ಬೇಕಾದದ್ದು ಹಂಚಿಕೊಳ್ಳಬಹುದಾದ 8 ಪ್ರಯಾಣದ 'ತಿ ಫಮಿಲಿಯಾರ್'. ವಿಮಾನ ನಿಲ್ದಾಣದ ಮೆಟ್ರೊಗೆ ಎರಡೂ ನಡೆಯುವುದಿಲ್ಲ. ಮ್ಯಾಡ್ರಿಡ್‌ನಲ್ಲಿ ಕೆಂಪು ಮುಲ್ತಿ ಕಾರ್ಡಿಗೆ 10 ಪ್ರಯಾಣ ತುಂಬಿಸಿದರೆ ಐವರೂ ಒಂದರಲ್ಲೇ ಹೋಗಬಹುದು, ಒಬ್ಬೊಬ್ಬರಿಗೂ ಒಮ್ಮೊಮ್ಮೆ ತಾಗಿಸಿ.

ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿನ ಟಿಕೆಟ್ ಆನ್‌ಲೈನ್‌ನಲ್ಲಿ ಮಾತ್ರ. ಪೂರ್ವದ ಗಾಜುಗಳು ನೀಲಿ–ಹಸಿರು, ಪಶ್ಚಿಮದವು ಕೆಂಪು–ಕಿತ್ತಳೆ. ಬೆಳಿಗ್ಗೆ 9–10ಕ್ಕೆ ಒಂದು ಬಣ್ಣ, ಸಂಜೆ 5–6ಕ್ಕೆ ಇನ್ನೊಂದು, ನಡುಮಧ್ಯಾಹ್ನ ಎರಡೂ ಸಪ್ಪೆ. ಗೋಪುರದ ಟಿಕೆಟ್ ಹಿರಿಯರಿಗೆ ಬೇಡ. ಮೇಲೆ ಹೋಗಲು ಲಿಫ್ಟ್, ಇಳಿಯಲು ಕಿರಿದಾದ ಸುರುಳಿ ಮೆಟ್ಟಿಲು ಮಾತ್ರ. ಅದೇ ಸೆವಿಯಾದ ಹಿರಾಲ್ದಾ ಗೋಪುರದಲ್ಲಿ ಮೆಟ್ಟಿಲಿನ ಬದಲು 35 ಇಳಿಜಾರುಗಳಿವೆ, ಅಪ್ಪ ನಿಧಾನವಾಗಿ ಹತ್ತಬಹುದು.

ಮ್ಯಾಡ್ರಿಡ್‌ನ ಪ್ರಾದೊ ಕಲಾ ಸಂಗ್ರಹಾಲಯ ಸೋಮವಾರದಿಂದ ಶನಿವಾರ ಸಂಜೆ 6ರಿಂದ 8, ಭಾನುವಾರ 5ರಿಂದ 7 ಉಚಿತ, ಆದರೆ ಸಾಲು ಉದ್ದ. ಹಿರಿಯರನ್ನು ಅಲ್ಲಿ ನಿಲ್ಲಿಸುವುದಕ್ಕಿಂತ ಟಿಕೆಟ್ ಕೊಂಡು ಬೆಳಿಗ್ಗೆ 10ಕ್ಕೆ ಹೋಗಿ. ಮಗಳಿಗೆ ಹೇಗೂ ಉಚಿತ. ಪಿಕಾಸೊನ ಗೆರ್ನಿಕಾ ಚಿತ್ರ ಇರುವ ರೇನಾ ಸೊಫಿಯಾ ಸಂಗ್ರಹಾಲಯ ಮಂಗಳವಾರ ಮುಚ್ಚಿರುತ್ತದೆ.

ಬಿಸಿಲಿನ ವಿಷಯ. ಸೆವಿಯಾದಲ್ಲಿ ಮೇ ಮೊದಲ ವಾರವೇ 35 ಡಿಗ್ರಿ ಮುಟ್ಟುವ ದಿನಗಳಿರುತ್ತವೆ. ಸೂರ್ಯ ಮುಳುಗುವುದು ರಾತ್ರಿ 9ರ ನಂತರ, ಹಾಗಾಗಿ ಅತಿ ಬಿಸಿ ಹೊತ್ತು ಮಧ್ಯಾಹ್ನವಲ್ಲ, ಸಂಜೆ 5–6. ನಮ್ಮೂರಿನ ಲೆಕ್ಕದಲ್ಲಿ 'ನಾಲ್ಕು ಗಂಟೆಗೆ ಬಿಸಿಲು ತಗ್ಗುತ್ತದೆ' ಎಂದು ಹೊರಟರೆ ಕೆಡುತ್ತೀರಿ. ಅಲ್ಕಾಸರ್ ಅರಮನೆಗೆ ಬೆಳಗಿನ ಮೊದಲ ಸಮಯ ಬುಕ್ ಮಾಡಿ, 2ರಿಂದ 7 ಮನೆಯಲ್ಲಿರಿ, ಆಮೇಲೆ ನದಿ ದಾಟಿ ತ್ರಿಯಾನಾ ಕಡೆ ಹೋಗಿ. ನಲ್ಲಿ ನೀರು ಕುಡಿಯಬಹುದು.

ಹಣ: ಕಾರ್ಡಿನಲ್ಲಿ ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿಕೊಂಡೇ ಹೊರಡಿ. ಯಂತ್ರ 'ರೂಪಾಯಿಯಲ್ಲೋ ಯೂರೊದಲ್ಲೋ' ಎಂದು ಕೇಳಿದರೆ ಯೂರೊ ಒತ್ತಿ, ರೂಪಾಯಿ ಒತ್ತಿದರೆ ಅವರದೇ ದರದಲ್ಲಿ ಕತ್ತರಿಸುತ್ತಾರೆ. ಓಟಿಪಿ ಬರುವ ಸಿಮ್ ರೋಮಿಂಗ್‌ನಲ್ಲಿರಲಿ. ಬಾರ್ಸಿಲೋನಾ ಮೆಟ್ರೊ ಮತ್ತು ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರ ಕಾಟ ನಿಜ. ಅಲ್ಲಿ ಪಾಸ್‌ಪೋರ್ಟ್ ಮನೆಯಲ್ಲಿಟ್ಟು ನಕಲು ಪ್ರತಿ ಒಯ್ಯಿರಿ. ಅಲ್ಹಂಬ್ರಾದ ದಿನ ಮಾತ್ರ ಐದೂ ಮೂಲ ಪಾಸ್‌ಪೋರ್ಟ್‌ಗಳು ಅಂಗಿಯೊಳಗಿನ ಚೀಲದಲ್ಲಿ, ಒಬ್ಬರೇ ಎಲ್ಲವನ್ನೂ ಹೊರದೆ ಇಬ್ಬರ ಬಳಿ ಹಂಚಿ ಇರಲಿ.